ಆರುನೂರ ಹದಿಮೂರನೇ ಕಾರ್ಡು

ನಿಮ್ಮ ಬರೆಯುವ ಕೋಣೆಯಿಂದ,
ಮಾರ್ಚ್ ೧೨, ಮಧ್ಯಾಹ್ನ

ಪ್ರೀತಿಯ ಅತ್ತೆಗೆ,

ಮಂಡಿನೋವು ಹೇಗಿದೆ? ಹೋಟೆಲಿನಲ್ಲಿ ಲಿಫ್ಟ್ ಇದೆಯೋ, ಅಲ್ಲೂ ಮೆಟ್ಟಿಲು ಹತ್ತಿಸುತ್ತಿದ್ದಾರೋ? ಮುಲಾಮು ಚೀಲದ ಎಡಗಡೆ ಜೇಬಿನಲ್ಲಿದೆ. ಸಿಟ್ಟಿದ್ದರೂ ಮರೆಯದೆ ಇಟ್ಟಿದ್ದೆ.

ಸಿಟ್ಟು ಯಾಕೆಂದು ನಿಮಗೆ ಗೊತ್ತು. ನಿಮ್ಮ ಹೊಸ ಐತಿಹಾಸಿಕ ಕಾದಂಬರಿಯಲ್ಲಿ ರಾಜಕುಮಾರಿಯ ಪ್ರೇಮಪತ್ರ ಕದ್ದು ಶತ್ರುವಿಗೆ ಕೊಡುವ ದಾಸಿ ಎಡಗಾಲು ಎಳೆದು ನಡೆಯುತ್ತಾಳೆ, ಎಲ್ಲದಕ್ಕೂ "ಹೋಗ್ಲಿ ಬಿಡಿ" ಅನ್ನುತ್ತಾಳೆ. ಆ ದಾಸಿ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಅಮ್ಮನನ್ನು ಬಲ್ಲವರೆಲ್ಲ ಗುರುತು ಹಿಡಿದರು. ಅಮ್ಮನ ಹೊಲಿಗೆ ಅಂಗಡಿಗೆ ಬಟ್ಟೆ ಕೊಡಲು ಬಂದ ಟೀಚರಮ್ಮ, "ನಿಮ್ ನಾದಿನಿ ನಿಮ್ಮನ್ನೇ ಬರ್ದಿದಾರಲ್ರೀ! ಏನೇನ್ ಕದ್ರಿ, ಹೇಳಿ?" ಎಂದು ನಕ್ಕರು. ಅಮ್ಮನೂ ನಕ್ಕಳು, ಆಮೇಲೆ ಅವರ ರವಿಕೆಯ ತೋಳನ್ನು ಎರಡಿಂಚು ಗಿಡ್ಡ ಕತ್ತರಿಸಿಬಿಟ್ಟಳು. ಇಪ್ಪತ್ತು ವರ್ಷದಲ್ಲಿ ಅವಳ ಕತ್ತರಿ ತಪ್ಪಿದ್ದು ಅದೊಂದೇ ಸಲ. ಈಗ ಯಾರ ಕಣ್ಣಿಗೂ ಬೀಳದಂತೆ ಹೊಲಿಗೆ ಯಂತ್ರವನ್ನು ಒಳಕೋಣೆಗೆ ತಳ್ಳಿಕೊಂಡಿದ್ದಾಳೆ. ಸುಳ್ಳು ಹೇಳಲಾರೆ, ಆ ಅಧ್ಯಾಯ ಟೈಪ್ ಮಾಡುವಾಗ ದಾಸಿಯ ನಡಿಗೆಗೆ ನಾನೂ ನಕ್ಕಿದ್ದೆ. ಹೆತ್ತ ತಾಯಿಯನ್ನೇ ಗುರುತಿಸದ ಪೆದ್ದಿ! ನಿಮ್ಮನ್ನು ಕೇಳಿದರೆ, "ಕಥೆ ಕಣೇ ಅದು. ಸ್ಕೂಲು ಬಿಟ್ಟೋಳಿಗೆ ಎಲ್ಲಿ ಅರ್ಥ ಆಗ್ಬೇಕು" ಅಂದಿರಿ.

ಸ್ಕೂಲು ಬಿಟ್ಟವಳೇ ನಾನು. ಬೆಂಚಿನ ಮೇಲೆ ಗಂಟೆಗಟ್ಟಲೆ ಕೂರಲು ನನ್ನಿಂದಾಗದು. ಆದರೆ ನಿಮಗಾಗಿ ಮೂರು ವರ್ಷ ದಾಖಲೆ ಕೋಣೆಯ ಧೂಳು ಕುಡಿದು ಆರುನೂರ ಹನ್ನೆರಡು ಕಾರ್ಡು ಬರೆದೆ. ಸಂಗತಿಗೊಂದು ಕಾರ್ಡು, ದಾಖಲೆಯಲ್ಲಿ ಸಿಕ್ಕರೆ ಮೂಲೆಯಲ್ಲಿ "ಕಂಡದ್ದು", ಸಿಗದಿದ್ದರೆ "ಊಹೆ". ಹಾಗೆ ಬರೆಯಲು ಕಲಿಸಿದವರು ನೀವೇ. ಪ್ರೇಮಿಗಳು ಸೇರುವ ಉಪ್ಪರಿಗೆ ಊಹೆ. ರಾಜಕುಮಾರಿ ಪ್ರಿಯಕರನಿಗಾಗಿ ಮದುವೆ ಮುರಿದದ್ದೂ ಊಹೆ. ದಾಖಲೆಯಲ್ಲಿ ಅವಳು ಅಪ್ಪ ತೋರಿಸಿದವನನ್ನೇ ಕಟ್ಟಿಕೊಂಡು ಏಳು ಮಕ್ಕಳನ್ನು ಹೆತ್ತಳು. ನೀವು ಮುನ್ನುಡಿಯಲ್ಲಿ ಬರೆದದ್ದೇನು? "ಇಲ್ಲಿನ ಒಂದೊಂದು ಸಂಗತಿಯೂ ದಾಖಲೆಯಲ್ಲಿ ನಾನೇ ಕಂಡದ್ದು. ಅನುಮಾನವಿದ್ದವರು ನನ್ನ ಕಾರ್ಡುಗಳನ್ನು ನೋಡಬಹುದು." ಭಾನುವಾರ ನಿಮಗೆ ಬಹುಮಾನ ಕೊಡುವುದೂ ಆ ಸತ್ಯನಿಷ್ಠೆಗೇ ಅಂತೆ.

ಆರೋಗ್ಯ ಜೋಪಾನ. ವೇದಿಕೆಯ ಮೆಟ್ಟಿಲು ನಿಧಾನವಾಗಿ ಹತ್ತಿ. ಕಾಲು ಎಳೆದರೆ ಜನ ಗುರುತಿಟ್ಟುಕೊಳ್ಳುತ್ತಾರೆ.

ಇನ್ನು ನಿಮ್ಮ ಕೆಲಸಕ್ಕೆ ಬಾರದ,
ನೀವೇ ಹೆಸರಿಟ್ಟ
ಗಾಳಿಪಟ

ತಾ.ಕ.: ಕೋಣೆಯ ಕೀಲಿಕೈ ಪಕ್ಕದ ಮನೆಯಲ್ಲಿ ಕೊಟ್ಟು ಹೋಗುತ್ತೇನೆ. ಕಾರ್ಡುಗಳ ಪೆಟ್ಟಿಗೆ ಮಾತ್ರ ಕೋಣೆಯಲ್ಲಿಲ್ಲ. ನೋಡಬಹುದು ಅಂತ ಬರೆದಿರಿ, ಎಲ್ಲಿ ಅಂತ ಬರೆಯಲಿಲ್ಲ. ನಿನ್ನೆ ನಮ್ಮೂರ ಲೈಬ್ರರಿಯ ಓದುವ ಮೇಜಿನ ಮೇಲೆ ಇಟ್ಟು ಬಂದೆ. ಕೇಳದೆ ಒಯ್ದದ್ದು ತಪ್ಪು, ಒಪ್ಪುತ್ತೇನೆ. ಬಹುಮಾನ ಸಮಿತಿಯ ಇತಿಹಾಸದ ಮೇಷ್ಟ್ರು ಬೆಳಿಗ್ಗೆಯಿಂದ ಅದರ ಮುಂದೆ ಕೂತು ಬರೆದುಕೊಳ್ಳುತ್ತಿದ್ದಾರೆ. ಅಮ್ಮನಿಗೆ ಹೇಳಿಲ್ಲ, ಹೇಳಿದರೆ "ಹೋಗ್ಲಿ ಬಿಡು" ಅಂತಾಳೆ. ನಾನು ಬಿಡುವವಳಲ್ಲ. ಹಳೆಯ ಕಾರ್ಡುಗಳಲ್ಲಿ ಒಂದಕ್ಷರವನ್ನೂ ತಿದ್ದಿಲ್ಲ, ಹೊಸದೊಂದು ಸೇರಿಸಿದ್ದೇನೆ ಅಷ್ಟೆ: "ದಾಸಿ. ಮೂಲ: ನನ್ನ ಅಮ್ಮ. ನಡಿಗೆ: ಕಂಡದ್ದು. ಕಳ್ಳತನ: ಊಹೆ."