ಬಿ.ಎ. ಸಭೆಯಲ್ಲಿ ಅಮ್ಮನ ಹಾಜರಿ

ಶಿವಾಲ, ಕಾಶಿ
೧೮ ನವೆಂಬರ್ ೧೯೭೩, ಭಾನುವಾರ

ಪ್ರೀತಿಯ ಅಮ್ಮನಿಗೆ ವಸುಮತಿಯ ನಮಸ್ಕಾರ.

ಮೊದಲು ಕ್ಷಮಿಸು. ಈ ಕಾಗದ ನಾನು ಬರೆಯಲೇಬಾರದಿತ್ತು. ಮೇಲಿನ ವಿಳಾಸ ನೋಡಿಯೇ ನಿನ್ನ ಮುಖ ಹೇಗಾಗಿರುತ್ತದೆ ಅಂತ ಇಲ್ಲಿಂದಲೇ ಕಾಣುತ್ತಿದೆ. ಗುಲ್ಬರ್ಗ ಸ್ಟೇಷನ್ನಿನಲ್ಲಿ ಗಾಡಿ ಹೊರಡುವಾಗ ಕಿಟಕಿಯ ಸರಳು ಹಿಡಿದುಕೊಂಡು ನೀನು ಹೇಳಿದ್ದೆ: ಓದಿನ ವಿಷಯ ಬರಿ, ಊಟದ ವಿಷಯ ಬರಿ, ಶಿವಾಲದ ಆ ಮನೆಯ ವಿಷಯ ಮಾತ್ರ ಬೇಡ. ಜುಲೈಯಿಂದ ಹಾಗೇ ನಡೆದುಕೊಂಡೆ. ಯೂನಿವರ್ಸಿಟಿ ಹಾಸ್ಟೆಲಿನ ದಾಲಿನ ಬಗ್ಗೆ ಎಷ್ಟು ಬರೆದೆನೆಂದರೆ ಅಪ್ಪ ಅದಕ್ಕೆ 'ದಾಲ್ ಪುರಾಣ' ಅಂತ ಹೆಸರಿಟ್ಟರು. ಇವತ್ತು ಆ ಮನೆಯ ವಿಷಯವೇ. ಅರ್ಧ ಓದಿ ಮಡಿಚಿಡಬೇಡ, ಪ್ಲೀಸ್. ನಡುನಡುವೆ ಇಂಗ್ಲಿಷ್ ಬಂದರೆ ಬೈಯಬೇಡ; ಬೆಳಗಾವಿಯ ಕಾನ್ವೆಂಟ್ ಹಾಸ್ಟೆಲಿಗೆ ಸೇರಿಸಿದ್ದು ನೀವೇ.

ಅಜ್ಜಿಯ ಮನೆಗೆ ನಾನು ಆಗಸ್ಟಿನಿಂದ ಹೋಗಿ ಬರುತ್ತಿದ್ದೇನೆ. ದಾರಿ ಹೇಳಿಕೊಟ್ಟವರು ಅಪ್ಪ. ಶಿವಾಲದಲ್ಲಿ ರಿಕ್ಷಾ ಇಳಿದು ದಕ್ಷಿಣದ ಪುರೋಹಿತರ ಮನೆ ಯಾವುದು ಅಂತ ಕೇಳು, ಯಾರಾದರೂ ತೋರಿಸುತ್ತಾರೆ ಅಂದಿದ್ದರು. ಬಾಗಿಲು ತೆಗೆದಾಗ, ನಾನು ಅಂಬುಜಾಕ್ಷಿಯ ಮಗಳು ಅಂದೆ. ಅಜ್ಜಿ ಬಾಗಿಲು ಹಿಡಿದುಕೊಂಡು ನನ್ನ ಮುಖ ನೋಡಿದಳು. 'ಮೂಗು ಮಠದ್ದು. ಕಣ್ಣು ನಮ್ಮದು,' ಅಂದಳು. ಆಮೇಲೆ, 'ನಿಂತೇ ಇರ್ತೀಯೇನು? ಕೈಕಾಲು ತೊಳ್ಕೊಂಡು ಬಾ, ಅನ್ನ ಆರಿಹೋಗ್ತಿದೆ.' ಅಷ್ಟೇ ಅಮ್ಮ. ನಾನು ರಿಹರ್ಸಲ್ ಮಾಡಿಕೊಂಡು ಹೋಗಿದ್ದ ಮಾತೆಲ್ಲ ದಂಡವಾಯಿತು.

ನಮ್ಮ ಕಥೆಯಲ್ಲಿ ನನಗೆ ಗೊತ್ತಿದ್ದದ್ದು ಸ್ವಲ್ಪ. ವೀರಶೈವ ಮಠದಲ್ಲಿದ್ದು ಸಂಸ್ಕೃತ ಓದುತ್ತಿದ್ದ ಸೋಮಲಿಂಗಯ್ಯ ಎಂಬ ಹುಡುಗನನ್ನು ನೀನು ಮದುವೆಯಾದೆ, ಪುರೋಹಿತರ ಮಗಳು ಹೀಗೆ ಮಾಡಬಹುದೇ ಅಂತ ತಾತ 'ಇನ್ನು ಈ ಮೆಟ್ಟಿಲು ಹತ್ತಬೇಡ' ಅಂದರು, ನೀನು ಹತ್ತಲಿಲ್ಲ. ತಾತ ಹೋಗಿ ಎರಡು ವರ್ಷವಾದರೂ ಯಾಕೆ ಹತ್ತಲಿಲ್ಲ ಅಂತ ನೀನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆದರೆ ಈ ಊರಿನಲ್ಲಿ ನೀನು ಒಂದು ಸಂಘ ಕಟ್ಟಿದ್ದೆ ಅನ್ನುವುದು! ಅದನ್ನು ನಾನು ಬೇರೆಯವರ ಬಾಯಿಂದ ಕೇಳಬೇಕಾಯಿತಲ್ಲ.

ಗೋದಾಬಾಯಿ ಹೇಳಿದರು. ನೆನಪಿದ್ದಾರಾ ಅಂತ ಕೇಳುವುದಿಲ್ಲ, ಇದ್ದೇ ಇರುತ್ತಾರೆ. ಈಗ ಕೂದಲೆಲ್ಲ ಬೆಳ್ಳಗಾಗಿದೆ, ಕನ್ನಡಕ ದಪ್ಪವಾಗಿದೆ, ಈಗಲೂ ಅವರೇ ಕಾರ್ಯದರ್ಶಿ. ನಿಮ್ಮಿಬ್ಬರಿಗೂ ಡಿಗ್ರಿ ಬಂದ ಮರುವರ್ಷ ಕೇದಾರ ಘಾಟಿನಲ್ಲಿ ಸಿಕ್ಕಿದಿರಂತೆ. ನೀನು ಹುಣಸೆಹಣ್ಣು ಹಾಕಿ ಪೂಜೆಯ ಪಾತ್ರೆ ಉಜ್ಜುತ್ತಿದ್ದೆಯಂತೆ. ಪರೀಕ್ಷೆಯಾದ ಮೇಲೆ ಏನು ಓದಿದೆ ಅಂತ ಅವರು ಕೇಳಿದರೆ, 'ಪಂಚಾಂಗ' ಅಂದೆಯಂತೆ. ಇಬ್ಬರೂ ನಕ್ಕು ನಕ್ಕು, ಕೊನೆಗೆ ನೀನು ಅಳುವುದಕ್ಕೆ ಶುರುಮಾಡಿದೆಯಂತೆ. ನೀನು ಅಳುವುದನ್ನು ನಾನು ಒಮ್ಮೆಯೂ ನೋಡಿಲ್ಲ. ಅವರು ಹೇಳುವಾಗ ಯಾರೋ ಬೇರೆ ಹುಡುಗಿಯ ಕಥೆ ಅನ್ನಿಸಿತು. ಆ ಹುಡುಗಿ ನನಗೆ ಬೇಕು ಅನ್ನಿಸಿತು.

ಹಾಗೆ ಶುರುವಾದ ಪದವೀಧರ ಮಹಿಳಾ ಸಂಘಕ್ಕೆ ಈಗಲೂ ಗೋದೌಲಿಯಾದ ಆ ಹಿತ್ತಾಳೆ ಪಾತ್ರೆ ಅಂಗಡಿಯ ಮಾಳಿಗೆಯೇ ಗತಿ. ಬಾಡಿಗೆಗೆ ಬೇರೆ ಜಾಗ ಹುಡುಕಬೇಕು ಅಂತ ಪ್ರತಿ ವರ್ಷ ನಿರ್ಣಯ ಮಾಡಿ ಅಲ್ಲೇ ಇದ್ದಾರೆ. ಕೆಳಗೆ ಕೊಡಪಾನ ಬಡಿಯುವ ಸದ್ದಿಗೆ ಮೇಲೆ ಎಲ್ಲರೂ ಕೂಗಿಯೇ ಮಾತಾಡುತ್ತಾರೆ, ಹೊಸಬರಿಗೆ ಜಗಳ ಅನ್ನಿಸುತ್ತದೆ. ನೀನು ಶುರುಮಾಡಿದ ಮೆಟ್ರಿಕ್ ಕ್ಲಾಸು ಇನ್ನೂ ನಡೆಯುತ್ತಿದೆ. ಲೈಬ್ರರಿಯಲ್ಲಿ ಹೆಂಗಸರಿಗೆ ಅಂತ ಮಧ್ಯಾಹ್ನದ ಹೊತ್ತು ಬಿಡಿಸಿಕೊಂಡಿದ್ದಾರೆ. ಊರಿನವರು ಇದನ್ನು ಸಂಘ ಅನ್ನುವುದೇ ಇಲ್ಲ, 'ಬಿ.ಎ. ವಾಲಿಯೋಂ ಕೀ ಸಭಾ' ಅನ್ನುತ್ತಾರೆ. ಅಜ್ಜಿಯ ಬಾಯಲ್ಲಿ ಅದು 'ಬಿ.ಎ. ಸಭೆ'.

ಹೆಸರು ಕೂಗುವ ಪದ್ಧತಿ ನಿನಗೆ ನಾನು ಹೇಳಬೇಕಾಗಿಲ್ಲ, ಮಾಡಿದವಳೇ ನೀನು. ಆದರೂ ನಾನು ಅರ್ಥಮಾಡಿಕೊಂಡದ್ದು ಸರಿಯೋ ನೋಡು. ಶ್ರೀಮತಿ ಇಲ್ಲ, ಕುಮಾರಿ ಇಲ್ಲ, ಯಾರ ಹೆಂಡತಿ ಯಾರ ಮಗಳು ಅನ್ನುವುದಿಲ್ಲ. ಹೆಸರು ಮತ್ತು ಡಿಗ್ರಿ. ಬಂದವಳು 'ಹಾಜಿರ್' ಅನ್ನಬೇಕು. ಬಾರದವಳ ಪರವಾಗಿ ಇನ್ನೊಬ್ಬರು 'ಆಯೇಗಿ' ಅನ್ನಬೇಕು, ಬರ್ತಾಳೆ ಅಂತ. ಆಗೆಲ್ಲ ವಿಶ್ವನಾಥನ ದರ್ಶನಕ್ಕೆ ಅಂತ ಮನೆಯಲ್ಲಿ ಸುಳ್ಳು ಹೇಳಿ ಬರುವವರೇ ಹೆಚ್ಚು, ಒಬ್ಬಳು ಬರಲಿಲ್ಲ ಅಂದರೆ ಮನೆಯಲ್ಲಿ ತಡೆದಿದ್ದಾರೆ ಅಂತಲೇ ಅರ್ಥ. ಅವಳ ಹೆಸರು ಅನಾಥವಾಗಿ ಬೀಳಬಾರದು ಅಂತ ನೀನು ಹೇಳಿದೆಯಂತೆ. ಮೂರು ಸಭೆ ಸತತವಾಗಿ ಯಾರೂ ಉತ್ತರ ಕೊಡದಿದ್ದರೆ ಮಾತ್ರ ಹೆಸರು ತೆಗೆಯುವುದು.

ಇನ್ನು ನಿನಗೆ ಗೊತ್ತಿಲ್ಲದ್ದು. ನೀನು ಊರು ಬಿಟ್ಟ ಮೇಲೆ ಎರಡು ಸಭೆಗಳಲ್ಲಿ ನಿನ್ನ ಹೆಸರಿಗೆ ಯಾರೂ ಬಾಯಿ ಬಿಡಲಿಲ್ಲ. ಹೇಳದೆ ಹೋದೆ ಅಂತ ಎಲ್ಲರಿಗೂ ಸಿಟ್ಟು. ಮೂರನೇ ಸಭೆಯ ದಿನ ಗೋದಾಬಾಯಿ 'ಅಂಬುಜಾಕ್ಷಿ, ಬಿ.ಎ.' ಅಂತ ಕೂಗಿದಾಗ ಬಾಗಿಲ ಹತ್ತಿರದಿಂದ ಕನ್ನಡದಲ್ಲಿ ಒಂದು ದನಿ ಬಂತಂತೆ: 'ಬರ್ತಾಳೆ.' ತಿರುಗಿ ನೋಡಿದರೆ ಒದ್ದೆ ಸೆರಗು, ಕೈಯಲ್ಲಿ ಗಂಗೆಯ ತಂಬಿಗೆ, ನಮ್ಮ ಅಜ್ಜಿ ಭಾಗೀರಥಮ್ಮ. ನೀವು ಬಿ.ಎ. ಅಲ್ಲವಲ್ಲ ಮಾಜೀ ಅಂತ ಯಾರೋ ಅಂದದ್ದಕ್ಕೆ ಅಜ್ಜಿ, 'ನಾನು ಅಲ್ಲ, ಅವಳು ಹೌದಲ್ಲ' ಅಂದಳಂತೆ. ಅಂದಿನಿಂದ ಪ್ರತಿ ತಿಂಗಳು. ಆ ಮಾಳಿಗೆಯಲ್ಲಿರುವ ಬಂಗಾಲಿ, ಮರಾಠಿ, ಬನಾರಸಿ ಹೆಂಗಸರೆಲ್ಲರಿಗೂ ಕನ್ನಡದಲ್ಲಿ ಬರುವುದು ಆ ಒಂದೇ ಮಾತು.

ತಾತನಿಗೆ ಗೊತ್ತಿರಲಿಲ್ಲವೇ ಅಂತ ಅಜ್ಜಿಯನ್ನು ಕೇಳಿದೆ. ವಿಶ್ವನಾಥನ ದರ್ಶನಕ್ಕೆ ಅಂತ ಹೇಳಿ ಹೋಗುತ್ತಿದ್ದಳಂತೆ, ನಿಮ್ಮ ಹಾಗೆಯೇ. ಒಂದು ಸಲ ಜ್ವರ ಬಂದು ಮಲಗಿದ್ದಾಗ ತಾತ ಬಂದು, 'ಏನೇ, ಇವತ್ತು ಶನಿವಾರ ಅಲ್ವೇನು? ದರ್ಶನಕ್ಕೆ ಹೋಗೋದಿಲ್ವಾ? ರಿಕ್ಷಾ ಕರೀಲಾ?' ಅಂದರಂತೆ. ಅವರ ಪ್ರಾಣ ಇರುವವರೆಗೆ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ ಅಂತ ಅಜ್ಜಿ ಅಕ್ಕಿ ಆರಿಸುತ್ತಾ ಹೇಳಿದಳು. ತಾತನನ್ನು ಹರಿಶ್ಚಂದ್ರ ಘಾಟಿಗೆ ಕಳಿಸಿ, ಸೂತಕ ಕಳೆದ ಮೇಲೆ ಬಂದ ಮೊದಲ ಸಭೆಗೂ ಹೋದಳು.

ಈಗ ನನ್ನ ವಿಷಯಕ್ಕೆ ಬರುತ್ತೇನೆ.

ನಿನ್ನೆ ಸಭೆ. ಅಜ್ಜಿಯ ಮೊಣಕಾಲು ಊದಿಕೊಂಡಿದೆ. 'ಆ ಮಾಳಿಗೆಯ ಸೀಢಿ ಹತ್ತೋದು ನನ್ನಿಂದ ಇವತ್ತು ಆಗೋದಿಲ್ಲ. ನೀ ಹೋಗು. ಹೆಸರು ಕೂಗಿದಾಗ ಒಂದು ಮಾತು ಹೇಳಿ ಬಾ. ಬರ್ತಾಳೆ. ಅಷ್ಟೇ. ಭಾಷಣ ಬೇಡ,' ಅಂದಳು. ನನ್ನ ಗತಿ ನಿನಗೆ ಗೊತ್ತು, ಕ್ಲಾಸಿನಲ್ಲಿ ಪ್ರಶ್ನೆ ಕೇಳಿದರೇ ನನ್ನ ಕಿವಿ ಬಿಸಿಯಾಗುತ್ತದೆ. ದಾರಿಯುದ್ದಕ್ಕೂ ಬರ್ತಾಳೆ ಬರ್ತಾಳೆ ಅಂತ ಗೊಣಗುತ್ತಾ ಹೋದೆ. ರಿಕ್ಷಾದವನು ತಿರುಗಿ, 'ಕಾ ಬಿಟಿಯಾ, ಮಂತರ್ ಪಢತ್ ಹಊ?' ಅಂದ, ಮಂತ್ರ ಹೇಳ್ತಿದ್ದೀಯೇನಮ್ಮ ಅಂತ.

ಮಾಳಿಗೆ ತುಂಬಿತ್ತು. ಬಾಗಿಲ ಹತ್ತಿರ ಅಜ್ಜಿಯ ಜಾಗ ಖಾಲಿ ಬಿಟ್ಟಿದ್ದರು, ಅಲ್ಲೇ ಕೂತೆ. ಗೋದಾಬಾಯಿ ಕೂಗುತ್ತಾ ಬಂದರು, ಒಬ್ಬೊಬ್ಬರೂ ಹಾಜಿರ್, ಹಾಜಿರ್. 'ಅಂಬುಜಾಕ್ಷಿ, ಬಿ.ಎ.'

ನಾನು ಎದ್ದು ನಿಂತು, ಕೈ ಹಿಂದೆ ಕಟ್ಟಿಕೊಂಡು, ಗಟ್ಟಿಯಾಗಿ, 'ಪ್ರೆಸೆಂಟ್, ಮಿಸ್!' ಅಂದುಬಿಟ್ಟೆ.

ಅಭ್ಯಾಸಬಲ ಅಮ್ಮ. ಚಿಕ್ಕಂದಿನಿಂದ ಕಾನ್ವೆಂಟಿನಲ್ಲಿ ಬೆಳಗ್ಗೆ ಸಂಜೆ ಅದನ್ನೇ ಕೂಗಿದ ಬಾಯಿ.

ವಿದ್ಯಾವತಿ ಅಂತ ಒಬ್ಬರು, ಈಗ ಹುಡುಗಿಯರ ಶಾಲೆಯೊಂದರ ಹೆಡ್ಮಿಸ್ಟ್ರೆಸ್ ಅವರು, 'ವಾಹ್! ನಾವೆಲ್ಲ ಮುದುಕಿಯರಾದೆವು, ಅಂಬುಜಾಕ್ಷಿ ಮಾತ್ರ ಎರಡು ಜಡೆ ಹಾಕ್ಕೊಂಡು ವಾಪಸ್ ಬಂದಳು!' ಅಂದರು. ಮಾಳಿಗೆಯೆಲ್ಲ ನಗು. ನಾನು ಅಳುವ ಹಾಗಾಗಿ, ಸಾರಿ, ತಪ್ಪಾಯಿತು, ಅಳಿಸಿಬಿಡಿ ಅಂತ ಬೇಡಿಕೊಂಡೆ. ಗೋದಾಬಾಯಿ ನಗಲಿಲ್ಲ. 'ಕೂಗಿದ ಹೆಸರಿಗೆ ಬಂದ ಉತ್ತರ ಅಳಿಸೋ ಪದ್ಧತಿ ನಮ್ಮಲ್ಲಿಲ್ಲ, ಬೇಟಿ. ಪದ್ಧತಿ ಮಾಡಿದವಳು ನಿನ್ನ ಅಮ್ಮ. ಬೇಕಾದರೆ ಅವಳೇ ಬಂದು ಬದಲಾಯಿಸಲಿ,' ಅಂದರು. ಹಾಜರಿ ಹಾಕಿಯೇ ಬಿಟ್ಟರು.

ಆಮೇಲೆ ಗೊತ್ತಾಯಿತು ನಾನು ಮಾಡಿದ್ದೇನು ಅಂತ. ಬಹಳ ಕಾಲ ಬಾರದವಳು ಬಂದು ಹಾಜಿರ್ ಅಂದರೆ ಮುಂದಿನ ಸಭೆಯಲ್ಲಿ ಅವಳದೇ ಮಾತು: ಇಷ್ಟು ವರ್ಷ ಏನು ಓದಿದೆ, ಏನು ಮಾಡಿದೆ. ಬದಲಿಗೆ ಇನ್ನೊಬ್ಬರು ಮಾತಾಡುವ ಹಾಗಿಲ್ಲ. ಅವಳ ಪರವಾಗಿ ಬರ್ತಾಳೆ ಅನ್ನುವ ಹಾಗೂ ಇಲ್ಲ, ಬಂದಾಯಿತಲ್ಲ! ಆ ದಿನ ಅವಳು ಎದ್ದು ನಿಲ್ಲದಿದ್ದರೆ ಹೆಸರು ಹೋಯಿತು. ಅಂದರೆ ಅಜ್ಜಿ ಇಷ್ಟು ವರ್ಷ ಮೆಟ್ಟಿಲು ಹತ್ತಿ ಹತ್ತಿ ಉಳಿಸಿಕೊಂಡಿದ್ದನ್ನು ನಾನು ಒಂದು ಮಾತಿನಲ್ಲಿ ಅಂಚಿಗೆ ತಂದು ನಿಲ್ಲಿಸಿದ್ದೇನೆ. ಡಿಸೆಂಬರ್ ಹದಿನೈದನೇ ತಾರೀಖು, ಶನಿವಾರ. ಬೋರ್ಡಿನ ಮೇಲೆ ಆಗಲೇ ಬರೆದಾಯಿತು: ಮಾತನಾಡುವವರು ಅಂಬುಜಾಕ್ಷಿ, ಬಿ.ಎ.

ಇಳಿಯುವಾಗ ವಿದ್ಯಾವತಿ ಮೆಟ್ಟಿಲಲ್ಲಿ ನನ್ನ ಹೆಗಲು ಹಿಡಿದರು. ಇನ್ನೂ ಚುಚ್ಚುತ್ತಾರೇನೋ ಅಂದುಕೊಂಡೆ. 'ನನಗೆ ಮೆಟ್ರಿಕ್‌ಗೆ ಇಂಗ್ಲಿಷ್ ಹೇಳಿಕೊಟ್ಟವರು ನಿನ್ನ ಅಮ್ಮ. ಪರೀಕ್ಷೆಯ ಹಿಂದಿನ ವಾರ ಬಿಟ್ಟು ಹೋದರು. ಆದರೂ ಪಾಸಾದೆ ಅಂತ ಹೇಳು. ಇಲ್ಲ, ಹೇಳಬೇಡ. ನಾನೇ ಎದುರಿಗೆ ಹೇಳಬೇಕು,' ಅಂದರು.

ಮನೆಗೆ ಬಂದಾಗ ಅಜ್ಜಿ, 'ಹೇಳಿದೆಯಾ?' ಅಂತ ಕೇಳಿದಳು. ಹೇಳಿದೆ ಅಂದೆ. ಇವತ್ತು ಬೆಳಗ್ಗೆ ಅವಳು ಕೇದಾರ ಘಾಟಿನ ಸ್ನಾನ ಮುಗಿಸಿ, ಗೋಡೆ ಹಿಡಿದುಕೊಂಡು ವಾಪಸ್ ಬರುವಷ್ಟರಲ್ಲಿ ಘಾಟಿಗೆಲ್ಲ ಸುದ್ದಿಯಾಗಿತ್ತು. ತಂಬಿಗೆ ಕೆಳಗಿಟ್ಟು ನನ್ನ ಮುಂದೆ ಕೂತಳು. ಬೈಯುತ್ತಾಳೆ ಅಂತ ಕಣ್ಣು ಮುಚ್ಚಿಕೊಂಡೆ.

'ನಿಮ್ಮಪ್ಪನಿಗೆ ಲಿಂಗಪೂಜೆಗೆ ಕೂರೋದಕ್ಕೆ ಜಾಗ ಬೇಕಲ್ಲ. ಮೇಲಿನ ಕೋಣೆಗೆ ಬೆಳಗಿನ ಬಿಸಿಲು ಬರುತ್ತೆ. ಬಿಲ್ವಪತ್ರೆಗೆ ಈ ಊರಲ್ಲಿ ಬರ ಇಲ್ಲ,' ಅಂದಳು.

ಅಮ್ಮ, ಅಜ್ಜಿ ಅಪ್ಪನ ಪೂಜೆಯ ಮಾತಾಡಿದಳು. ಈ ಮನೆಯ ಒಳಗೆ, ತಾತನ ಫೋಟೋದ ಕೆಳಗೆ ಕೂತು. ನೀನು ಇದನ್ನು ಎರಡು ಸಲ ಓದು.

ನಾನು ಬಾಯಿ ತೆರೆಯುವ ಮುಂಚೆ ಮತ್ತೆ ಹೇಳಿದಳು: 'ನಾನು ಕರೆದೆ ಅಂತ ಬರೀಬೇಡ. ಬರ್ತಾಳೆ ಅಂದಿದ್ದೀನಿ, ಬಾ ಅಂತ ಅಂದಿಲ್ಲ, ಅನ್ನೋದೂ ಇಲ್ಲ. ನಿಮ್ಮ ತಾತ ಮುಚ್ಚಿದ ಬಾಗಿಲಿಗೆ ನಾನು ಚಿಲಕ ಹಾಕಿಲ್ಲ. ಬೇಕಾದರೆ ಅಷ್ಟು ಬರಿ.' ಅಷ್ಟನ್ನೇ ಬರೆದಿದ್ದೇನೆ. ಈಗ ಏಣಿ ಹತ್ತಿ ಮೇಲಿನ ಕೋಣೆಯ ಜೇಡರಬಲೆ ತೆಗೆಯುತ್ತೇನೆ ಅಂತ ಹಟ ಹಿಡಿದಿದ್ದಾಳೆ, ಆ ಮೊಣಕಾಲಿನಲ್ಲಿ. ನಾನೇ ತೆಗೆಯುತ್ತೇನೆ ಅಂದರೆ, 'ನೀನು ಮಾಡಿದ ಒಂದು ಕೆಲಸವೇ ಸಾಕು,' ಅನ್ನುತ್ತಾಳೆ.

ನಿನಗೆ ಸ್ಕೂಲಿನಲ್ಲಿ ರಜೆ ಸಿಗುವುದು ಕಷ್ಟ ಅಂತ ಗೊತ್ತು. ನಾಲ್ಕು ಜನರ ಮುಂದೆ ಎದ್ದು ನಿಂತು ಇಷ್ಟು ವರ್ಷದ ಲೆಕ್ಕ ಹೇಳುವುದು ಇನ್ನೂ ಕಷ್ಟ ಇರಬಹುದು. ಯಾರೂ ಏನೂ ಕೇಳದ ಹಾಗೆ ನಾನು ಪಕ್ಕದಲ್ಲೇ ಕೂತಿರುತ್ತೇನೆ. ನಾನು ಕೂತಿದ್ದರೆ ಏನು ಪ್ರಯೋಜನ ಅಂತ ನಗಬೇಡ.

ನಿನ್ನ ಮಗಳು,
ವಸುಮತಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಅಭ್ಯಾಸಬಲ ಅಂದೆನಲ್ಲ, ಅದು ಸುಳ್ಳು. ಎಲ್ಲರಿಗೂ ಹಾಗೇ ಹೇಳಿದ್ದೇನೆ, ಅಜ್ಜಿಗೂ. ಬೆಳಗಾವಿಯಲ್ಲಿ ತಿಂಗಳ ಮೊದಲ ಭಾನುವಾರ ಎಲ್ಲರ ಮನೆಯವರೂ ಬರುತ್ತಿದ್ದರು. ನಾನು ಗೇಟಿನ ಹತ್ತಿರ ನಿಂತರೆ ಮೇಟ್ರನ್ ಬಂದು, ಬರ್ತಾಳೆ ಬಿಡು, ನಿಮ್ಮಮ್ಮ ಬರ್ತಾಳೆ ಅನ್ನುತ್ತಿದ್ದರು. ನೀನು ಬರುತ್ತಿರಲಿಲ್ಲ. ನಿನ್ನೆ ನಿನ್ನ ಹೆಸರು ಕೂಗಿದಾಗ ಅಜ್ಜಿ ಹೇಳಿಕೊಟ್ಟ ಮಾತು ನನ್ನ ಬಾಯಲ್ಲೇ ಇತ್ತು. ಬೇಕೆಂದೇ ನುಂಗಿದೆ. ಬರುತ್ತೀಯೋ ಇಲ್ಲವೋ, ಎರಡರಲ್ಲಿ ಒಂದು ಹೇಳು. ಬೇಗ ಉತ್ತರ ಬರಿ.