ಮುರಾನೊದಲ್ಲಿ ಬಿರಿದ ನೀಲಿ ಹೂದಾನಿ

ಅಪ್ಪಾ,

ಸಂಜೆ ಗಾಜಿನ ಕುಲುಮೆಯಿಂದ ಬಂದವನೇ ನೀನು, "ಏನಮ್ಮಾ ಊರಲ್ಲಿ ಸುದ್ದಿ?" ಎಂದು ಕೇಳುತ್ತಿದ್ದೆ. ಇವತ್ತು ಮುರಾನೊ ದ್ವೀಪದಲ್ಲೆಲ್ಲ ನಿನ್ನದೇ ಸುದ್ದಿ.

ಹಳೆಯ ಗಾಜುಗಾರರ ಪ್ರದರ್ಶನದಲ್ಲಿ ನಿನ್ನ ಕೊನೆಯ ನೀಲಿ ಹೂದಾನಿಯನ್ನು ನಟ್ಟನಡುವೆ ಇಟ್ಟಿದ್ದರು. ಪಾದ್ರಿಗಳ ಭಾಷಣ ಮುಗಿದಿರಲಿಲ್ಲ. ಯಾರೂ ಮುಟ್ಟದೆಯೇ ಅದು ಟಕ್ಕೆಂದು ಎರಡು ಹೋಳಾಯಿತು.

ನಲವತ್ತು ವರ್ಷ ನಿನ್ನ ಪಕ್ಕದಲ್ಲೇ ಗಾಜು ಊದಿದ ಒರೆಸ್ತೆ ಎಲ್ಲರಿಗೂ ಕೇಳುವಂತೆ ಅಂದ: "ಕೊನೆಕೊನೆಗೆ ಅವನ ಕೈ ಸೋತಿತ್ತು ಪಾಪ. ಅಲ್ವೇನೇ ಲೊರೆದಾನಾ?"

ನಾನು ಹೂಂ ಅಂದುಬಿಟ್ಟೆ.

ಆರಿಸುವ ಬಿಸಿ ಗೂಡಿನಲ್ಲಿ ಗಾಜು ಎರಡು ದಿನ ನಿಧಾನವಾಗಿ ತಣಿಯಬೇಕು, ಅವಸರ ಮಾಡಿದರೆ ಎಂದೋ ಒಂದು ದಿನ ತಾನಾಗಿ ಒಡೆಯುತ್ತದೆ ಎಂದು ಕಲಿಸಿದವನು ನೀನೇ. ಆದರೆ ಹೂದಾನಿಯನ್ನು ಗೂಡಿಗಿಟ್ಟ ಸಂಜೆಯೇ ನೀನು ಕುಸಿದೆ. ನಾಳೆಯವರೆಗೆ ಉಳಿಯುವುದು ಕಷ್ಟ ಎಂದರು ಡಾಕ್ಟರು. ಬೆಳಗಾಗುತ್ತಲೇ ನಾನು ಗೂಡು ತೆರೆದೆ, ಅದನ್ನು ಶಾಲಿನಲ್ಲಿ ಸುತ್ತಿಕೊಂಡು ಆಸ್ಪತ್ರೆಯ ಕಡೆಗೆ ದೋಣಿ ಹತ್ತಿದೆ.

ನೀನು ಅದನ್ನು ಎದೆಯ ಮೇಲಿಟ್ಟುಕೊಂಡು ಎರಡೂ ಕೈಯಿಂದ ತಬ್ಬಿದೆ. ಬಹಳ ಹೊತ್ತು ನನ್ನ ಮುಖವನ್ನೇ ನೋಡಿದೆ. ಬೈಯಲಿಲ್ಲ. ನೀನು ಅಂದದ್ದು ಇಷ್ಟೇ:

"ಇನ್ನೂ ಬೆಚ್ಚಗಿದೆಯಲ್ಲೇ, ಮಗಳೇ."