ನಲ್ಲಿ ಮೂಳೆಯ ಮರ್ಯಾದೆ

ಭಾನುವಾರ, ಮಾರ್ಚ್ 9

ನಿಂಬೆಹಣ್ಣು ಹಚ್ಚಿ ಮೂರು ಸಲ ಕೈ ತೊಳೆದರೂ ಬೆರಳಲ್ಲಿ ಕುರಿಯ ನೆಣದ ವಾಸನೆ ಹಾಗೇ ಇದೆ.

ಮದುವೆಯಾದ ಹೊಸದರಲ್ಲಿ ಅತ್ತೆ ಮಾಡಿದ ಮಟನ್ ತಿಂದು, ಒಳ್ಳೆಯವಳು ಅನ್ನಿಸಿಕೊಳ್ಳಲು "ತುಂಬಾ ಚೆನ್ನಾಗಿದೆ" ಅಂದಿದ್ದೆ. ಆ ಒಂದು ಮಾತಿಗೆ ಹನ್ನೊಂದು ವರ್ಷದಿಂದ ಪ್ರತಿ ಭಾನುವಾರ ಒಳಗೆ ನೆಣದಂಥ ಮಜ್ಜೆ ತುಂಬಿದ ನಲ್ಲಿ ಮೂಳೆ ನನ್ನ ತಟ್ಟೆಗೇ ಬೀಳುತ್ತದೆ. ನಮ್ಮ ಮನೆಯವರಿಗೆ ಅದೆಂದರೆ ಪ್ರಾಣ, ಆದರೂ ಅವರಿಗೆ ಸಿಗುವುದಿಲ್ಲ. ನನಗೋ ಅದರ ವಾಸನೆಯೇ ಆಗುವುದಿಲ್ಲ.

ಇವತ್ತು ಹೇಳಿಯೇಬಿಡೋಣವೆಂದು ಅಡುಗೆಮನೆಗೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ದನಿ ತಗ್ಗಿಸಿ ಅಂದರು: "ಹೋದ್ ತಿಂಗ್ಳು ಜ್ವರ ಬಂದು ಹೋದಾಗಿಂದ ನಂಗೆ ವಾಸನೆ, ರುಚಿ ಏನೂ ಗೊತ್ತಾಗ್ತಿಲ್ಲ ಕಣಮ್ಮಾ. ಯಾರ್ಗೂ ಹೇಳ್ಬೇಡ. ನೀನು ಮೂಳೆ ಹೀರೋದು ನೋಡಿದ್ರೆ ನಾನೇ ತಿಂದಂಗಾಗುತ್ತೆ."

ಊಟಕ್ಕೆ ಕೂತಾಗ ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು. "ಹೇಗಿದೆ?"

ಉಪ್ಪೇ ಹಾಕಿರಲಿಲ್ಲ. ಮನೆಯವರು ಏನೋ ಅನ್ನುವಷ್ಟರಲ್ಲಿ ಅವರ ಕಾಲು ತುಳಿದೆ. "ಬೆಣ್ಣೆ ಥರ ಇದೆ ಅತ್ತೆ," ಅಂದೆ. ಎರಡನೆಯ ಮೂಳೆ ಬಿತ್ತು.

ಬಿಸಿ ತುಪ್ಪವಾಗಿದ್ದರೆ ಬಾಯಲ್ಲೇ ಇಟ್ಟುಕೊಂಡು ಆರಿದ ಮೇಲಾದರೂ ನುಂಗಬಹುದಿತ್ತು. ಈ ನೆಣ ಆರಿದಷ್ಟೂ ಗಟ್ಟಿಯಾಗಿ ಗಂಟಲಿಗೇ ಅಂಟಿಕೊಂಡು ಕೂರುತ್ತದೆ; ನುಂಗಲೂ ಆಗದು, ಉಗುಳಲೂ ಆಗದು.